ತೂಬಿಲ್ಲದ ಐದು ಕೆರೆ

ಪವಿತ್ರ,

ನಿನ್ನ ಹೈಸ್ಕೂಲಿನ ಮೇಧಾ ಮಿಸ್ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾಲ್ಕು ಸಾಲು ಕಳಿಸಬಹುದಿತ್ತು. ಪರದೆ ನಂಬಿ ಒಮ್ಮೆ ಕೆಟ್ಟವಳು, ಈ ಸಲ ಕಾಗದವೇ ಇರಲಿ ಎಂದುಕೊಂಡೆ. ನಿನ್ನ ಅಜ್ಜಿಯ ಕೈಗೆ ಕೊಟ್ಟಿರುತ್ತೇನೆ. ಮಾಲೂರಿನ ಕಾಲೇಜಿನಿಂದ ಬಂದು, ಊಟ ಮಾಡಿ, ಆಮೇಲೆ ಓದು.

ಒಂಬತ್ತನೇ ತರಗತಿಯ ಭೂಗೋಳದ ಪ್ರಾಜೆಕ್ಟ್ ನೀನು ಮರೆತಿರಲಾರೆ. ಶಾಲೆಗೆ ಹೊಸದಾಗಿ ಬಂದ ಟ್ಯಾಬ್‌ಗಳಲ್ಲಿ ಉಪಗ್ರಹದ ಚಿತ್ರ ನೋಡಿ ಊರಿನ ಜಲಮೂಲ ಗುರುತಿಸಬೇಕಿತ್ತು. ಕದಿರೇಶನ ಗುಂಪು ಒಂದೇ ಪೀರಿಯಡ್ಡಿನಲ್ಲಿ ಐದು ಕೆರೆ ಹುಡುಕಿತು. ಐದೂ ನೀಲಿ, ಐದೂ ಅಚ್ಚುಕಟ್ಟಾದ ಚೌಕ. ನಾನು ಬೀಗಿಬಿಟ್ಟೆ. ನೀನೊಬ್ಬಳು ಮಾತ್ರ ಬಿಸಿಲಲ್ಲಿ ನಡೆದು ಸುತ್ತಿ ಬಂದು ನೋಟ್‌ಬುಕ್ಕಿನಲ್ಲಿ ಒಂದೇ ಕೆರೆ ಬರೆದಿದ್ದೆ, ಪಾಪಮ್ಮನ ಕೆರೆ. ಟ್ಯಾಬಿನಲ್ಲಿ ಆ ಜಾಗ ಪೂರ್ತಿ ಹಸಿರಾಗಿ ಕಾಣುತ್ತಿತ್ತು. ನಾವದಕ್ಕೆ ಕುರುಚಲು ಕಾಡು ಎಂದು ಹೆಸರಿಟ್ಟಿದ್ದೆವು.

"ಮಿಸ್, ಅವು ಕೆರೆ ಅಲ್ಲ ಮಿಸ್. ಇಟ್ಟಿಗೆಗೆ ಮಣ್ಣು ತೆಗ್ದಿರೋ ಗುಂಡಿ. ಮಳೆ ನೀರು ನಿಂತೈತೆ ಅಷ್ಟೇ" ಎಂದು ನೀನು ಹೇಳಿದೆ. "ಆಕಾಶದಿಂದ ನೋಡೋ ಉಪಗ್ರಹಕ್ಕಿಂತ ನಿನಗೆ ಜಾಸ್ತಿ ಗೊತ್ತೇನೇ?" ಎಂದು ನಾನು ಕೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ವರ್ಷವಿಡೀ ಪಾಠ ಹೇಳುವ ಬಾಯಿ ಇದೇ ನೋಡು! ಹತ್ತನೇ ತರಗತಿ ಮುಗಿಯುವವರೆಗೂ ನೀನು ಮತ್ತೆ ನನ್ನ ಪಾಠದಲ್ಲಿ ಕೈ ಎತ್ತಲಿಲ್ಲ. ಅದನ್ನು ಗಮನಿಸಿದ್ದೆ. ಹುಡುಗಿಗೆ ಜಂಬ ಎಂದುಕೊಂಡು ಸುಮ್ಮನಾದೆ.

ನಾನು ಮುಳಬಾಗಿಲಿನವಳು. ಪಕ್ಕದ ದೇವರಾಯಸಮುದ್ರ ಊರಿನ ಮೂಲಕ ನೂರು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ಸಲವೂ ಇಳಿದು ಅಲ್ಲಿನ ಕೆರೆಕಟ್ಟೆ ಹತ್ತಿಲ್ಲ. ಕೆರೆ ಎಂದರೆ ನೀರು, ನನಗೆ ಗೊತ್ತಿದ್ದದ್ದು ಅಷ್ಟೇ.

ಜೂನ್‌ನಲ್ಲಿ ನಿನ್ನ ಟಿ.ಸಿ. ತೆಗೆದುಕೊಳ್ಳಲು ಬಂದ ಅನಸೂಯಮ್ಮನವರು, ನಿನ್ನ ಅಜ್ಜಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದ ನಮ್ಮ ಐದು ಕೆರೆಯ ಭೂಪಟ ನೋಡಿದರು. ಇದೇನೆಂದು ಕೇಳಿದರು, ಹೇಳಿದೆ. "ಏಮಮ್ಮಾ, ನೀರು ನಿಂತಿದ್ದೆಲ್ಲ ಕೆರೆನಾ? ಕೆರೆ ಅಂದ್ರೆ ಕಟ್ಟೆ ಇರ್ಬೇಕು, ಕೋಡಿ ಇರ್ಬೇಕು, ಗದ್ದೆಗೆ ನೀರು ಬಿಡೋ ತೂಬು ಇರ್ಬೇಕು. ಇದ್ರಾಗೆ ಒಂದು ತೂಬು ತೋರ್ಸು ನೋಡಾನ" ಎಂದರು. ಮರುದಿನ ಐದೂ ಕಡೆ ನಡೆದು ಹೋದೆ. ಐದೂ ಗುಂಡಿಯೇ. ವಾಪಸ್ ಬಂದು ಭೂಪಟವನ್ನು ಗೋಡೆಯಿಂದ ಇಳಿಸಿ ಬೀರುವಿನ ಹಿಂದೆ ಇಟ್ಟೆ. ಯಾರಿಗೂ ಹೇಳಲಿಲ್ಲ.

ನಾವೇ ಕೊಟ್ಟಿದ್ದ ಅದರ ಇನ್ನೊಂದು ಪ್ರತಿ ಪಂಚಾಯಿತಿಯಲ್ಲಿತ್ತು. ಊರಿಗೆ ಐದು ಕೆರೆ ಇರುವಾಗ ಜಾಲಿ ಬೆಳೆದ ಆ ಹಾಳು ಜಾಗ ಯಾಕೆ ಬೇಕು, ಕಸ ಸುರಿಯಲು ಬಿಡೋಣ ಎಂಬ ಮಾತು ಹೊರಟಿತು. ಪಾಪಮ್ಮನ ಕೆರೆಯ ಕೆಳಗೆ ನಿಮ್ಮ ಹಿಪ್ಪುನೇರಳೆ ತೋಟವಿದೆ, ಅರ್ಧ ಊರಿನ ಬೋರ್‌ವೆಲ್ಲುಗಳಿವೆ. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ನಿನ್ನೆ ಗ್ರಾಮಸಭೆಯಲ್ಲಿ ಎದ್ದು ನಿಂತೆ. ಭೂಪಟ ತಪ್ಪು, ಊರಿಗಿರುವುದು ಪಾಪಮ್ಮನ ಕೆರೆಯೊಂದೇ, ತಪ್ಪು ಮಕ್ಕಳದ್ದಲ್ಲ, ನನ್ನದು ಎಂದೆ. ಅಧ್ಯಕ್ಷರು ಕೋದಂಡರಾಮಪ್ಪ ನಕ್ಕರು. "ಏನ್ ಮೇಡಂ, ಆವತ್ತು ಐದು ಅಂದ್ರಿ, ಇವತ್ತು ಒಂದು ಅಂತೀರಿ. ಯಾರ ಮಾತು ನಂಬೋದು?" "ಪವಿತ್ರಳ ಮಾತು ನಂಬಿ. ಅವಳು ಆವತ್ತೇ ಹೇಳಿದ್ಲು, ನಾನು ಕೇಳಲಿಲ್ಲ" ಎಂದೆ. ಕೊನೆಗೆ ಅವರು, "ಶನಿವಾರ ಬೆಳಿಗ್ಗೆ ಎಂಟಕ್ಕೆ ಬರ್ತೀವಿ. ತೂಬು ತೋರ್ಸಿದ್ರೆ ಕೆರೆ, ಇಲ್ದಿದ್ರೆ ಕಸ" ಎಂದರು.

ಇವತ್ತು ಸಂಜೆ ಪಾಪಮ್ಮನ ಕೆರೆಯಲ್ಲಿ ಎರಡು ಗಂಟೆ ಕಾಲ ಹುಡುಕಿದೆ. ಜಾಲಿ ಮುಳ್ಳಿಗೆ ಸೀರೆ ಹರಿಯಿತೇ ಹೊರತು ತೂಬು ಸಿಗಲಿಲ್ಲ. ಮಂಡಿ ನೋವಿನ ನಿನ್ನ ಅಜ್ಜಿ ಆ ಪೊದೆಗೆ ಇಳಿಯಲಾರರು. "ನಮ್ ಪವಿತ್ರಂಗೆ ಗೊತ್ತೈತೆ, ಮೇಕೆ ಹುಡುಕ್ಕೊಂಡು ಅದ್ರೊಳಗೇ ನುಗ್ತಿದ್ಲು" ಎಂದರು.

ತಪ್ಪಾಯಿತು ಪವಿತ್ರ. ಸರಿಯಾಗಿ ಹೇಳಿದವಳನ್ನು ನಲವತ್ತು ಮಕ್ಕಳ ಎದುರು ನಗೆಪಾಟಲು ಮಾಡಿದೆ. ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಭೂಗೋಳದ ಸಹವಾಸವೇ ಬೇಡವೆಂದು ನೀನು ಕಾಮರ್ಸ್ ತೆಗೆದುಕೊಂಡೆಯಂತೆ. ಅದಕ್ಕೆ ನಾನೇ ಕಾರಣವೇ ಎಂದು ಕೇಳುವ ಧೈರ್ಯ ನನಗಿಲ್ಲ.

ಶನಿವಾರ ಬರುವುದು ಬಿಡುವುದು ನಿನ್ನಿಷ್ಟ. ಸಿಟ್ಟು ಇಟ್ಟುಕೊಂಡೇ ಬಂದರೂ ಪರವಾಗಿಲ್ಲ. ಕಟ್ಟೆಯ ಮೇಲೆ ಊರೆಲ್ಲ ನಿಂತಿರುತ್ತದೆ. ನೀನು ಮುಂದೆ ನಡೆ. ತೂಬಿನ ಮೇಲಿನ ಜಾಲಿ ಕಡಿಯಲು ನಾನು ಮಚ್ಚು ಹಿಡಿದು ನಿನ್ನ ಹಿಂದೆ ಬರುತ್ತೇನೆ.

ನಿನ್ನ ಕಾಲಿಗೆ ಮುಳ್ಳು ತಾಗದಿರಲಿ, ನಿನ್ನ ಮಾತಿಗೆ ಇನ್ನು ಯಾರೂ ನಗದಿರಲಿ.

ಮೇಧಾ