ಹಿಂದಿನ ಚಕ್ರದ ಸದ್ದು

ಅರಸೀಕೆರೆ
17 ನವೆಂಬರ್ 2024, ಭಾನುವಾರ

ಪ್ರೀತಿಯ ಮಗಳು ಮೇಘಶ್ರೀಗೆ,

ಅಪ್ಪನ ಆಶೀರ್ವಾದ. ಬೀದರಿನಲ್ಲಿ ಚಳಿ ಶುರುವಾಗಿರಬೇಕು, ನಿನ್ನದು ಮೊದಲೇ ಶೀತದ ಮೈ. ಬೆಳಗ್ಗೆ ಬ್ಯಾಂಕಿಗೆ ಹೋಗುವಾಗ ಸ್ವೆಟರ್ ಮರೆಯಬೇಡ. ಊಟ ಸರಿಯಾಗಿ ಮಾಡುತ್ತಿದ್ದೀಯಾ, ಇಲ್ಲ ಈಗಲೂ ಬಿಸ್ಕತ್ತಿನಲ್ಲೇ ದಿನ ನೂಕುತ್ತಿದ್ದೀಯಾ? ನಿನ್ನ ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಪಕ್ಕದ ಬೀದಿಗೆ ಹರಟೆಗೆ ಹೋಗುವಾಗ ಮಾತ್ರ ಅದು ಅವಳನ್ನು ಕಾಡುವುದಿಲ್ಲ.

ನಿನ್ನ ಅಣ್ಣ ಇಂದ್ರೇಶ ಬೈಕಿನಿಂದ ಬಿದ್ದದ್ದನ್ನು ಅಮ್ಮ ತಲೆಬುಡವಿಲ್ಲದೆ ಹೇಳಿರುತ್ತಾಳೆ. ನಾನು ಮೊದಲಿನಿಂದ ಬರೆಯುತ್ತೇನೆ. ದಸರಾ ಕಳೆದ ಮೇಲೆ ಒಂದು ದಿನ ಅವನು ಬಾಣಾವರದಿಂದ ಬಂದವನೇ, ಗಾಡಿ ಓಡುವಾಗ ಗರಗರ ಅನ್ನುತ್ತದೆ ಎಂದು ಮುಖ ಸಣ್ಣದು ಮಾಡಿಕೊಂಡ. ಎಂಟು ವರ್ಷದಿಂದ ಅದರ ಮೇಲೆ ಕೂತಿದ್ದಾನೆ, ಚೈನಿಗೆ ಎಣ್ಣೆ ಬಿಡುವುದು ಗೊತ್ತಿಲ್ಲ. ಗೊತ್ತಿರುವುದು ಒಂದೇ, ವಾರಕ್ಕೊಮ್ಮೆ ಸರ್ವಿಸ್ ಸ್ಟೇಷನ್ನಿಗೆ ಒಯ್ದು ಜೋರು ನೀರು ಹೊಡೆಸಿ ಫಳಫಳ ಮಾಡಿಸುವುದು. ಕೊಬ್ಬರಿ ಮಂಡಿಯಲ್ಲಿ ಕೂರುವವನಿಗೆ ಮದುವೆ ಗಂಡಿನ ಸಿಂಗಾರದ ಗಾಡಿ ಯಾಕೆ ಬೇಕೋ.

ಮೊದಲು ಬಂದವನು ಎದುರು ಮನೆಯ ಪುಟ್ಟರಾಜು. ನಿನಗೆ ಗೊತ್ತಲ್ಲ, ಕರೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈಗ ಇಡೀ ದಿನ ಮೊಬೈಲಿನಲ್ಲಿ ವಿಡಿಯೋ ನೋಡಿ ಸಕಲ ವಿದ್ಯಾಪಾರಂಗತನಾಗಿದ್ದಾನೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವ ಪಂಡಿತನ ಹಾಗೆ ತಲೆಯಾಡಿಸಿ, "ಟ್ಯಾಪೆಟ್ಟು" ಅಂದ. ಬಸ್ ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ ಉಮೇಶ ಟ್ಯಾಪೆಟ್ ಸರಿಮಾಡಿದ. ಸದ್ದು ಹೋಗಲಿಲ್ಲ. ಹಾಗಾದರೆ ಟೈಮಿಂಗ್ ಚೈನು ಅಂತ ಅದನ್ನೂ ಬದಲಿಸಿದ. ಆಗಲೂ ಹೋಗಲಿಲ್ಲ. ಕೊನೆಗೆ "ಬೋರ್ ಹೋಗೈತೆ ಯಜಮಾನ್ರೇ" ಅಂತ ಎಂಜಿನ್ನನ್ನೇ ಬಿಚ್ಚಿ, ಒಂದು ವಾರ ಗೋಣಿಚೀಲದ ಮೇಲೆ ಹರಡಿಕೊಂಡು ಕೂತ. ಮತ್ತೆ ಜೋಡಿಸುವಾಗ ಎರಡು ಬೋಲ್ಟು ಮಿಕ್ಕವು. ಅವನ್ನು ಕವರಿನಲ್ಲಿ ಹಾಕಿ ಇಂದ್ರೇಶನ ಕೈಗೆ ಕೊಟ್ಟನಂತೆ. ಇವನು ಪ್ರಸಾದದ ಹಾಗೆ ಮನೆಗೆ ತಂದ.

ಇಷ್ಟರ ನಡುವೆ ನಿನ್ನ ಅತ್ತಿಗೆ ಶಿಲ್ಪಾ ಒಂದು ಮಾತು ಹೇಳಿದಳು. ಬಾಣಾವರದ ರಸ್ತೆಯ ಇಳಿಜಾರಿನಲ್ಲಿ ಗಂಡನಿಗೆ ಹೇಳಿ ಎಂಜಿನ್ ಆಫ್ ಮಾಡಿಸಿದಳಂತೆ. ಗಾಡಿ ತಾನಾಗಿ ಉರುಳುವಾಗಲೂ ಅದೇ ಗರಗರ. "ಎಂಜಿನ್ ನಿಂತಿದ್ರೂ ಸದ್ದು ಬರ್ತೈತೆ ಅಂದ್ರೆ ಅದು ಎಂಜಿನ್ನಿಂದು ಹೆಂಗಾಗ್ತೈತೆ? ಚಕ್ರ ನೋಡಿ" ಅಂತ ಉಮೇಶನ ಅಂಗಡಿಯಲ್ಲೇ ಕೇಳಿದಳು. ಅವನು ನಕ್ಕು, "ಅಕ್ಕ, ಇಪ್ಪತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿವ್ನಿ" ಅಂದ. ಪುಟ್ಟರಾಜು ನಕ್ಕ. ನಾನೂ ನಕ್ಕೆ. ಬಿ.ಎಸ್ಸಿ. ಓದಿದ ಸೊಸೆ ಅಂತ ಮದುವೆಯ ದಿನದಿಂದ ಕೇಳಿ ಕೇಳಿ ನನಗೆ ಸಾಕಾಗಿತ್ತು.

ಕೊನೆಗೆ ತೀರ್ಪು ನನ್ನ ಹತ್ತಿರ ಬಂತು. ಮೂವತ್ತು ವರ್ಷ ರಾಜದೂತ್ ಬೈಕಿನ ಮೇಲೆ ತಿಪಟೂರು, ಹಾಸನ ತಿರುಗಿ ವ್ಯಾಪಾರ ಮಾಡಿದವನು ನಾನು. ಅದು ಕೆಮ್ಮಿದರೆ ಯಾವ ಭಾಗ ಕೆಮ್ಮಿತು ಅಂತ ಹೇಳುತ್ತಿದ್ದೆ. ಏಳನೇ ತಾರೀಕು ಗುರುವಾರ ಇಂದ್ರೇಶನ ಹಿಂದೆ ಕೂತು ಮಾಲೇಕಲ್ಲಿನವರೆಗೆ ಹೋಗಿ ಬಂದೆ. ಗೇಟಿನಲ್ಲಿ ಇಳಿದು, "ಸದ್ದೂ ಇಲ್ಲ, ಗಿದ್ದೂ ಇಲ್ಲ. ಉಮೇಶ ಸರಿ ಮಾಡವ್ನೆ" ಅಂದೆ. ಶಿಲ್ಪಾ ಎದುರಿಗೇ ನಿಂತಿದ್ದಳು. "ಈಗ ಗೇಟಿಗೆ ಬರೋವಾಗ್ಲೂ ಬಂತಲ್ಲ ಮಾವ" ಅಂದಳು. "ಅದು ನಿನ್ನ ತಲೆಯೊಳಗಿನ ಸದ್ದು" ಅಂದೆ. ಇಂದ್ರೇಶ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಅಪ್ಪ ಹೇಳಿದ್ದೇ ಸರಿ ಅಂದ. ಅವನಿಗೆ ಸ್ವಂತ ಅಭಿಪ್ರಾಯ ಅನ್ನುವುದು ಯಾವತ್ತು ಇತ್ತು ಹೇಳು.

ಹೋದ ಭಾನುವಾರ ಬಸ್ತಿಹಳ್ಳಿಯಲ್ಲಿ ಶಿಲ್ಪಾಳ ಚಿಕ್ಕಮ್ಮನ ಮನೆ ಗೃಹಪ್ರವೇಶ. ಬಸ್ಸಿಗೆ ಹೋಗೋಣ ಅಂತ ಅವಳು ಬೇಡಿಕೊಂಡಳು. ಒಬ್ಬಳ ಭ್ರಮೆಗಾಗಿ ಗಾಡಿಯನ್ನು ಮೂಲೆಗೆ ನಿಲ್ಲಿಸುವುದಾದರೆ ಗುಜರಿಗೆ ಹಾಕಿ ಅಂದೆ. ಬೈಕಿನಲ್ಲೇ ಹೋದರು. ಜಾವಗಲ್ ದಾಟಿದ ಮೇಲೆ ಹಿಂದಿನ ಚಕ್ರ ಓಲಾಡಿ, ಕಚ್ಚಿಕೊಂಡು, ಇಬ್ಬರನ್ನೂ ರಸ್ತೆ ಬದಿಗೆ ಕೆಡವಿತು. ಹಿಂದೆ ಇಟ್ಟಿಗೆ ತುಂಬಿದ ಲಾರಿ ಬರುತ್ತಿತ್ತು. ಅದರ ಡ್ರೈವರ್ ಬ್ರೇಕ್ ಹಾಕಿದ್ದರಿಂದ ನಾನು ಈ ಕಾಗದ ಬರೆಯುತ್ತಿದ್ದೇನೆ. ಇಂದ್ರೇಶನ ಮಂಡಿ ತರಚಿತು. ಶಿಲ್ಪಾಳ ಎಡಗೈ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರವಂತೆ.

ಪುಟ್ಟರಾಜುವಿನ ಕಾರಿನಲ್ಲಿ ಹೋದೆ. ಆಸ್ಪತ್ರೆಯಿಂದ ಅವರಿಬ್ಬರನ್ನೂ ಕರೆದುಕೊಂಡು, ಗಾಡಿ ಇಟ್ಟಿದ್ದ ಹಳೇಬೀಡಿನ ಶೆಡ್ಡಿಗೆ ಬಂದೆವು. ಕೆಂಚಯ್ಯ ಅಂತ ಒಬ್ಬ ಮುದುಕ, ಟ್ರ್ಯಾಕ್ಟರ್ ರಿಪೇರಿಯವನು. ಬೋರ್ಡಿಲ್ಲ, ವಿಡಿಯೋ ಇಲ್ಲ. ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿದ, ಹಿಡಿದು ಅಲ್ಲಾಡಿಸಿದ, ಬಿಚ್ಚಿ ಬೇರಿಂಗನ್ನು ನನ್ನ ಅಂಗೈಗೆ ಹಾಕಿದ. ಒಳಗಿನ ಗುಂಡುಗಳು ಹುರಿಗಡಲೆಯ ನುಚ್ಚಿನಂತಾಗಿದ್ದವು. "ನೀರು ಹೊಡ್ಸಿ ಹೊಡ್ಸಿ ಗ್ರೀಸೆಲ್ಲ ತೊಳ್ದೋಗೈತೆ" ಅಂದ. ಆಮೇಲೆ ನನ್ನ ಮುಖ ನೋಡಿ ಗಟ್ಟಿಯಾಗಿ ಕೇಳಿದ: "ಇಷ್ಟು ಸದ್ದು ಮಾಡ್ಕೊಂಡು ಬಂದೈತೆ, ಮನೇಲಿ ಯಾರ್ಗೂ ಕೇಳಿಸ್ಲಿಲ್ವಾ?" ಪುಟ್ಟರಾಜು ಬಗ್ಗಿ ಚೈನು ನೋಡತೊಡಗಿದ. ಇಂದ್ರೇಶ ನೆಲ ನೋಡಿದ. ಶಿಲ್ಪಾ ನನ್ನನ್ನು ಒಂದು ಗಳಿಗೆ ನೋಡಿ, "ಕೇಳಿಸಿತ್ತು, ನಾವೇ ಅಸಡ್ಡೆ ಮಾಡಿದ್ವಿ" ಅಂದಳು. "ನಾವೇ" ಅಂದಳು, ಮೇಘಾ.

ಈಗ ಉಮೇಶ, ಬೇರಿಂಗ್ ನೋಡಬೇಕು ಅಂತ ತಾನು ಅವತ್ತೇ ಹೇಳಿದ್ದೆ ಅನ್ನುತ್ತಿದ್ದಾನೆ. ಪುಟ್ಟರಾಜುವಿಗೂ ಮೊದಲಿನಿಂದ ಅನುಮಾನ ಇತ್ತಂತೆ, ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಾನೆ. ಇಂದ್ರೇಶ ಇಬ್ಬರಿಗೂ ಹೂಂಗುಟ್ಟುತ್ತಿದ್ದಾನೆ. ಇವರ ಮಧ್ಯೆ ನನ್ನ ಕಾಲ ಸಾಗುತ್ತಿದೆ.

ಅಮ್ಮ ಕೊಬ್ಬರಿ ಮಿಠಾಯಿ ಕಳಿಸುತ್ತಾಳಂತೆ, ಎಲ್ಲವನ್ನೂ ಆಫೀಸಿನಲ್ಲಿ ಹಂಚಿಬಿಡಬೇಡ. ಗುರುವಿನ ದಯೆ ನಿನ್ನ ಮೇಲೆ ಸದಾ ಇರಲಿ.

ನಿನ್ನ ಅಪ್ಪ,
ರೇವಣಸಿದ್ದಪ್ಪ

ಇನ್ನೊಂದು ಮಾತು: ಮಾಲೇಕಲ್ಲಿಗೆ ಹೋದ ದಿನ ನನಗೆ ಸದ್ದು ಕೇಳಿಸಲಿಲ್ಲ ಅಂದದ್ದು ನಿಜ. ಎಂಜಿನ್ನಿನದೂ ಕೇಳಿಸಲಿಲ್ಲ. ಅದು ಓಡುತ್ತಿದೆ ಅಂತ ತೊಡೆಗೆ ತಿಳಿಯುತ್ತಿತ್ತು, ಅಷ್ಟೇ. ಎಡಗಿವಿ ಹೋಗಿ ವರ್ಷವಾಯಿತು. ಬಲಗಿವಿಗೂ ಎದುರು ನಿಂತು ಜೋರಾಗಿ ಮಾತಾಡಿದರೆ ಮಾತ್ರ ಕೇಳಿಸುತ್ತದೆ. ನಿನ್ನ ಫೋನ್ ಬಂದಾಗಲೆಲ್ಲ ಅಮ್ಮನ ಕೈಗೆ ಕೊಡುವುದು ಅದಕ್ಕೇ, ಕೋಪದಿಂದಲ್ಲ. ಯಾರಿಗೂ ಹೇಳಿಲ್ಲ. ರಜೆ ಹಾಕಿ ಬಾ, ಹಾಸನದಲ್ಲಿ ಕಿವಿ ಡಾಕ್ಟರಿಗೆ ತೋರಿಸಬೇಕು. ಶಿಲ್ಪಾಗೆ ತಿಳಿದಿದೆ ಅಂತ ಕಾಣುತ್ತದೆ. ವಾರದಿಂದ ಏನು ಹೇಳಬೇಕಾದರೂ ಆ ಕೈ ಹೊತ್ತುಕೊಂಡು ನನ್ನ ಎದುರಿಗೇ ಬಂದು ನಿಲ್ಲುತ್ತಾಳೆ. ತಪ್ಪಾಯಿತು ಅನ್ನಲು ನನಗೆ ನಾಲಿಗೆ ಏಳುತ್ತಿಲ್ಲ. ಈ ಲಕೋಟೆಯನ್ನು ಅಂಟಿಸದೆ ಅವಳ ಕೈಗೇ ಕೊಡುತ್ತಿದ್ದೇನೆ, ಒಮ್ಮೆ ಓದಿ ಆಮೇಲೆ ಅಂಚೆಗೆ ಹಾಕು ಅಂತ.