ಬಾಯಲ್ಲಿದ್ದ ಗುಂಡುಪಿನ್ನು

ಹದಿನೇಳನೇ ತಾರೀಖು, ಮಂಗಳವಾರ
(ನಾನು ಬಾಯಿ ಮುಚ್ಚಿಕೊಂಡು ಇವತ್ತಿಗೆ ಇಪ್ಪತ್ತೇಳು ದಿನ)

ಪ್ರೀತಿಯ ಕತ್ತರಿಗೆ,

ನಿನ್ನ ಹಳೆಯ ಸೂಜಿ ಮಾಡುವ ನಮಸ್ಕಾರ. ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಮಗಳು ನಿನ್ನ ಭುಜದೆತ್ತರಕ್ಕೆ ಬಂದಿರಬೇಕು. ಪತ್ರ ಬರೆಯುವುದು ಸ್ವಲ್ಪ ತಡವಾಯಿತು, ಮೂರೇ ಮೂರು ವರ್ಷ. ಬೈಯಬೇಡ ಕಣೋ. ಹೇಳಿದ ದಿನಕ್ಕೆ ಕೊಟ್ಟ ದರ್ಜಿಯನ್ನು ನೀನಾದರೂ ಎಲ್ಲಿ ನೋಡಿದ್ದೀಯ?

ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಹೊಂದಿಸಿಕೊಂಡು ಓದು. ನಾಲ್ಕನೇ ಕ್ಲಾಸಿಗೇ ಶಾಲೆ ನನ್ನನ್ನು ಬಿಟ್ಟುಹೋಯಿತಲ್ಲ.

ಸುದ್ದಿ ಏನೆಂದರೆ, ನಾನೊಂದು ಗುಂಡುಪಿನ್ನು ಒಳಗೆಳೆದುಕೊಂಡೆ. ನಮ್ಮ ಬೀದಿಯ ಅಂಚೆಯಣ್ಣನ ಹೊಸ ಪ್ಯಾಂಟಿನ ಸೊಂಟ ಹಿಡಿಯುತ್ತಿದ್ದೆ. ತುಟಿಗಳ ನಡುವೆ ನಾಲ್ಕು ಪಿನ್ನು, ಬಾಯಿ ತುಂಬ ಮಾತು. ನನ್ನ ತಮಾಷೆಗೆ ನಾನೇ ನಕ್ಕೆ, ಒಂದು ಪಿನ್ನು ಗಂಟಲಿಗಿಳಿಯಿತು. ಎಲ್ಲರೂ ಹೀಗೆಂದೇ ತಿಳಿದಿದ್ದಾರೆ. ಸದ್ಯಕ್ಕೆ ನೀನೂ ಹಾಗೇ ತಿಳಿದುಕೋ. ಪಿನ್ನನ್ನು ಬಾಯಲ್ಲಿ ಇಟ್ಟುಕೊಳ್ಳಬೇಡವೋ ಎಂದು ನೀನು ಇಪ್ಪತ್ತು ವರ್ಷ ಹೇಳಿದೆ. ಮಣಿಕಟ್ಟಿಗೆ ಕಟ್ಟಿಕೊಳ್ಳಲು ಕೆಂಪು ಮಖಮಲ್ಲಿನಲ್ಲಿ ಒಂದು ಪುಟ್ಟ ಪಿನ್ನಿನ ದಿಂಬನ್ನೂ ಹೊಲಿದುಕೊಟ್ಟಿದ್ದೆ. ನಾನು ಅದನ್ನು ಕಟ್ಟಿಕೊಂಡು ಗಿರಾಕಿಗಳಿಗೆ ನಾಡಿ ನೋಡುವ ನಾಟಕ ಆಡಿದೆನೇ ಹೊರತು ಒಂದು ಪಿನ್ನನ್ನೂ ಅದಕ್ಕೆ ಚುಚ್ಚಲಿಲ್ಲ.

ಡಾಕ್ಟರಮ್ಮ ಪಿನ್ನು ತೆಗೆದು ನನ್ನ ಹೆಂಡತಿಗೆ ಹೇಳಿದರು, "ಧ್ವನಿಪೆಟ್ಟಿಗೆಗೆ ಗೀರಿದೆ. ಒಂದು ತಿಂಗಳು ಇವ್ರು ಮಾತಾಡೋ ಹಾಗಿಲ್ಲ. ಪಿಸುಮಾತು ಕೂಡ ಇಲ್ಲ."

ಇವಳು ಕೇಳಿದಳು, "ಒಂದೇ ತಿಂಗಳಾ ಡಾಕ್ಟ್ರೇ? ಇನ್ನೊಂದು ತಿಂಗಳು ಸೇರಿಸಿ ಬರ್ಕೊಡೋಕಾಗಲ್ವಾ?"

ಎಲ್ಲರೂ ನಕ್ಕರು. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದವಳು ಮನೆ ಬರುವ ತನಕ ಬಿಡಲಿಲ್ಲ.

ಈಗ ಅಂಗಡಿಯ ಮೇಲಿನ ಕೋಣೆಯೇ ನನ್ನ ಲೋಕ. ನಾವು ಬಟ್ಟೆಯ ಥಾನು ಪೇರಿಸುತ್ತಿದ್ದೆವಲ್ಲ, ಅದೇ ಕೋಣೆ. ಕಿಟಕಿಯ ಪಕ್ಕ ಮಂಚ. ಮಧ್ಯಾಹ್ನ ಬೀದಿಯಲ್ಲಿ ಬಸ್ಸು ಹೋದರೆ ಅದರ ಗಾಜಿನ ಬೆಳಕು ನನ್ನ ಚಾವಣಿಯ ಮೇಲೆ ಮೀನಿನ ಹಾಗೆ ಈಜಿಕೊಂಡು ಹೋಗುತ್ತದೆ. ಕೆಳಗೆ ಇವಳು ಮಿಶನ್ನು ತುಳಿಯುವ ಸದ್ದು ನೆಲದಿಂದ ಮಂಚದ ಕಾಲಿಗೆ, ಅಲ್ಲಿಂದ ನನ್ನ ಬೆನ್ನಿಗೆ ಹತ್ತುತ್ತದೆ. ಮೊಳೆಗೆ ತೂಗುಹಾಕಿದ ಕೋಟುಗಳು ತಲೆಯಿಲ್ಲದ ನೆಂಟರಂತೆ ನನ್ನನ್ನೇ ನೋಡುತ್ತವೆ. ಮಾತ್ರೆಯ ಮಂಪರಿನಲ್ಲಿ ನಾನು ಅವುಗಳಿಗೆ ತಲೆಯಾಡಿಸುತ್ತೇನೆ. ಅವೂ ಗಾಳಿಗೆ ತೋಳು ಆಡಿಸುತ್ತವೆ. ಇಷ್ಟು ಮರ್ಯಾದಸ್ಥ ಗಿರಾಕಿಗಳನ್ನು ನಾನು ಕಂಡಿಲ್ಲ.

ಮಾಡಲು ಬೇರೇನೂ ಇಲ್ಲದ್ದಕ್ಕೆ ನನ್ನ ಅಭ್ಯಾಸಗಳನ್ನೂ ಒಂದೊಂದಾಗಿ ಮೊಳೆಗೆ ತೂಗುಹಾಕಿ ನೋಡಿದೆ. ದಾರದ ತುದಿಯನ್ನು ಮೂರು ಸಲ ನೆಕ್ಕುವುದು. ಸಿಳ್ಳೆಯಲ್ಲಿ ಒಂದೇ ಹಾಡಿನ ಅರ್ಧ ಸಾಲನ್ನು ಹಿಡಿದುಕೊಂಡು ಸಂಜೆಯ ತನಕ ಎಳೆಯುವುದು. "ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಅಳತೆಯ ಟೇಪು ಅವರ ಕುತ್ತಿಗೆಗೆ ಹಾಕುವುದು. ಈ ಕೊನೆಯದು ಮೈಗೆ ಕೂರಲಿಲ್ಲ ಕಣೋ. ಎಲ್ಲೋ ಬಿಗಿಯಿತು.

ಒಂದು ಹೊಸ ಹುಚ್ಚೂ ಹತ್ತಿದೆ. ಕಿವಿಗೊಡುವುದು. ಮಿಶನ್ನಿನ ಸದ್ದಿನಲ್ಲೇ ಇವಳು ಯಾವ ಬಟ್ಟೆ ಹೊಲಿಯುತ್ತಿದ್ದಾಳೆಂದು ಹೇಳಬಲ್ಲೆ. ಉಣ್ಣೆಯಾದರೆ ಮಿಶನ್ನು ಮುಲುಕುತ್ತದೆ. ರೇಷ್ಮೆಯಾದರೆ ನಿಟ್ಟುಸಿರು ಬಿಡುತ್ತದೆ. ನೀನು ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅದರ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. "ಬಟ್ಟೆ ಏನು ಹೇಳುತ್ತೆ ಅಂತ ಕೇಳ್ಬೇಕು ಕಣೋ" ಅನ್ನುತ್ತಿದ್ದೆ. "ಜ್ವರ ಇದೆಯಾ ನೋಡ್ತಿದ್ದಾನೆ" ಎಂದು ನಾನು ಗಿರಾಕಿಗಳನ್ನು ನಗಿಸುತ್ತಿದ್ದೆ. ಮೊನ್ನೆ ಹೊದಿಕೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಇದ್ದೆ. ಏನೂ ಹೇಳಲಿಲ್ಲ ಅದು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ನನ್ನ ಮಾತೆಲ್ಲ ಈಗ ಒಂದು ತುಂಡು ಕಪ್ಪು ಕೋಟಿನ ಬಟ್ಟೆಯ ಮೇಲೆ. ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುವುದು, ಒರೆಸುವುದು. ಹೋದ ವಾರ ಶಾಲೆಯ ಮೇಡಮ್ಮನ ಕೋಟು ಕೆಳಗೆ ತಯಾರಾಗುತ್ತಿತ್ತು. ಬೆನ್ನಿನ ಅಳತೆ ತಪ್ಪಾಗಿ ಬರೆದಿದ್ದೆನೆಂದು ನನಗೆ ಥಟ್ಟನೆ ನೆನಪಾಯಿತು. ಕೋಲಿನಿಂದ ನೆಲ ಕುಟ್ಟಿ ಇವಳನ್ನು ಕರೆದೆ. 'ಬೆನ್ನು' ಎಂದು ಬರೆದಿದ್ದೆ ಅಷ್ಟೆ.

"ಬೆನ್ನು ನೋವಾ? ಹೊತ್ತಿಡೀ ಗೋಡೆಗೆ ಒರಗಿಕೊಂಡಿದ್ರೆ ಇನ್ನೇನಾಗುತ್ತೆ! ತಿರುಗಿ, ತಿರುಗಿ."

ನಾನು ತಲೆಯಲ್ಲಾಡಿಸಿದೆ. "ನಾಚಿಕೆ ಬೇರೆ ಕೇಡು!" ಎಂದು ಬೋರಲು ಮಲಗಿಸಿ ಮುಲಾಮು ತಿಕ್ಕಿಯೇ ತಿಕ್ಕಿದಳು. ಮೇಡಮ್ಮನ ಕೋಟು ಎರಡು ಇಂಚು ಕುಳ್ಳಾಯಿತು. ನನ್ನ ಬೆನ್ನು ಮಾತ್ರ ಘಮಘಮ.

ಮೊದಲು ನಗು ಬಂತು. ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಗೊತ್ತಾ! ಆಮೇಲೆ ನೋಡಿದರೆ ಸೀಮೆಸುಣ್ಣ ಕೈಯಲ್ಲೇ ಇತ್ತು, ಹೇಳದೆ ಉಳಿದ ಮಾತೂ ಕೈಯಲ್ಲೇ ಇತ್ತು. ಇವಳದೇನೂ ತಪ್ಪಿಲ್ಲ, ಪ್ರೀತಿಯಿಂದಲೇ ಮಾಡಿದಳು. ಆದರೆ ನನ್ನ ಮಾತನ್ನು ಬೇರೆಯವರು ಮುಗಿಸಿಬಿಟ್ಟರೆ ನಾನು ಕೋಣೆಯಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತದೆ. ದಿಂಬಿಗೆ ಮುಖ ಒತ್ತಿಕೊಂಡಿದ್ದಾಗ ನೀನು ನೆನಪಾದೆ.

ಇಪ್ಪತ್ತು ವರ್ಷ ನಿನ್ನ ಮಾತು ಎಲ್ಲಿ ತಡೆಯಿತೋ ಅಲ್ಲಿ ನಾನು ನುಗ್ಗಿದೆ. ನೀನು ತೋಳಿನ ಉದ್ದ ಕೇಳಲು ಹೊರಟು "ತೋ, ತೋ" ಎಂದು ತಡವರಿಸಿದರೆ ನಾನು "ತೊಂಡೆಕಾಯಿ ಬೇಕಾ?" ಅನ್ನುತ್ತಿದ್ದೆ. ಗಿರಾಕಿಗಳು ನಗುತ್ತಿದ್ದರು. ನೀನೂ ನಗುತ್ತಿದ್ದೆ. ನೀನು ನಗುತ್ತಿದ್ದೆಯಲ್ಲ ಎಂಬುದನ್ನೇ ನಾನು ಇಷ್ಟು ದಿನ ಹೊದ್ದುಕೊಂಡು ಮಲಗಿದ್ದೆ.

ಆ ಕೊನೆಯ ಸಂಜೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನೀನು ಟೇಪು ಸುತ್ತಿಟ್ಟು ನನ್ನ ಎದುರು ಬಂದು ನಿಂತು "ನಾಳೆ" ಎಂದೆ. ಮುಂದಿನದು ಬರಲಿಲ್ಲ. ತಡೆಯಲಾರದೆ ನಾನೇ ಮುಗಿಸಿದೆ, "ನಾಳೆ ರಜಾ ತಾನೇ? ತಗೋ ರಾಜ, ತಗೋ! ಹೇಳೋಷ್ಟರಲ್ಲಿ ನಾಳಿದ್ದೇ ಆಗೋಗುತ್ತೆ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ತಲೆಯಾಡಿಸಿದೆ. ನಿನ್ನ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಮತ್ತೆ ಬರಲಿಲ್ಲ. ಸಮವಸ್ತ್ರದ ಕಾರ್ಖಾನೆಯಲ್ಲಿ ಕಟಿಂಗಿಗೆ ಸೇರಿದ್ದೀಯೆಂದು ಬೇರೆಯವರಿಂದ ತಿಳಿಯಿತು. ಅಲ್ಲಿ ಮಿಶನ್ನಿನ ಗದ್ದಲಕ್ಕೆ ಯಾರೂ ಮಾತಾಡುವುದೇ ಇಲ್ಲವಂತೆ.

ಈಗ ಮಧ್ಯಾಹ್ನ ಕಣ್ಣು ಹತ್ತಿದರೆ ಒಂದೇ ಕನಸು. ನಮ್ಮ ಕಟಿಂಗ್ ಮೇಜು ಬೀದಿಯಷ್ಟು ಉದ್ದವಾಗಿದೆ. ಅದರ ಮೇಲೆ ನೀಲಿ ಬಟ್ಟೆ. ಆ ತುದಿಯಿಂದ ನೀನು ಸೀಮೆಸುಣ್ಣದ ಗೆರೆ ಎಳೆದುಕೊಂಡು ಬರುತ್ತಿದ್ದೀಯ, ಯಾವ ಅವಸರವೂ ಇಲ್ಲದೆ. ಈ ತುದಿಯಲ್ಲಿ ಟೇಪಿನ ಕೊನೆ ಹಿಡಿದು ನಾನು ನಿಂತಿದ್ದೇನೆ. ಗೆರೆ ಇನ್ನೇನು ಮುಟ್ಟಬೇಕು, ಎಚ್ಚರವಾಗುತ್ತದೆ. ದಿನಕ್ಕೊಂದು ಗೇಣು ಹತ್ತಿರ ಬರುತ್ತಿದೆ ಅನ್ನಿಸುತ್ತದೆ.

ಶುಕ್ರವಾರ ಡಾಕ್ಟರಮ್ಮ ನನ್ನ ಬಾಯಿ ಬಿಡಿಸುತ್ತಾರೆ. ಧ್ವನಿ ಬರಬಹುದಂತೆ, ಒಡಕಾಗಿ ಬರಬಹುದಂತೆ, ಬರದೆಯೂ ಇರಬಹುದಂತೆ. ಹೆದರಿಕೆ ಇಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಿನ ಹೆದರಿಕೆ, ಧ್ವನಿ ಬಂದ ಮೇಲೆ ನಾನು ಹಳೆಯ ನಾನೇ ಆಗಿಬಿಟ್ಟರೆ ಎಂದು. ಅದಕ್ಕೇ ಬಾಯಿ ಮುಚ್ಚಿರುವಾಗಲೇ ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸು. ಒಂದು ಸಲ ಬಾ. ಕೆಲಸಕ್ಕೆ ಬಾ ಅನ್ನುತ್ತಿಲ್ಲ. ಆ ಸಂಜೆ ಅರ್ಧಕ್ಕೆ ನಿಂತ ಮಾತನ್ನು ಹೇಳಿ ಹೋಗಲು ಬಾ. ಅದು ಏನಿರಬಹುದೆಂದು ಈಗ ನಾನು ಊಹಿಸುವುದಿಲ್ಲ.

ಅತ್ತಿಗೆಗೆ ನಮಸ್ಕಾರ. ಮಗಳು ನೂರು ವರ್ಷ ಸುಖವಾಗಿರಲಿ, ಬಾಯ್ತುಂಬ ಮಾತಾಡಲಿ. ನಿನ್ನ ಕೈ ಎಂದೂ ನಡುಗದಿರಲಿ.

ನಿನ್ನ
ಸೂಜಿ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಪಿನ್ನು ಹೋದದ್ದು ನಗುವಾಗ ಅಲ್ಲ. ನೀನು ಹೋಗಿ ಮೂರು ವರ್ಷವಾದರೂ ನಾನು ನಿನ್ನ ಮಾತಿನ ಅಣಕ ಮಾಡಿಯೇ ಗಿರಾಕಿಗಳನ್ನು ನಗಿಸುತ್ತಿದ್ದೆ. ಅಂಚೆಯಣ್ಣನ ಮುಂದೆಯೂ ಮಾಡಿದೆ. ಅವರು ನಗಲಿಲ್ಲ. "ಅವ್ರು ಹಾಗೆ ತೊದಲ್ತಿದ್ರಾ? ನನ್ನ ಹತ್ರ ದಿನಾ ಬೀದಿ ಮೂಲೇಲಿ ನಿಂತು ಸರಾಗವಾಗೇ ಮಾತಾಡ್ತಿದ್ರಲ್ಲ" ಅಂದರು. ನನ್ನ ನಗು ನಿಂತು ಉಸಿರು ಒಳಕ್ಕೆ ಹೋಯಿತು. ಅದರ ಜೊತೆಗೇ ಪಿನ್ನು.

ನಿನ್ನ ವಿಳಾಸ ಕೊಟ್ಟವರೂ ಅವರೇ. ಕೆಂಪು ಮಖಮಲ್ಲಿನ ದಿಂಬು ಮೇಜಿನ ಖಾನೆಯಲ್ಲಿ ಸಿಕ್ಕಿತು, ಕಟ್ಟಿಕೊಂಡಿದ್ದೇನೆ. ಪಿನ್ನುಗಳೆಲ್ಲ ಈಗ ಅದರಲ್ಲಿವೆ. ನೀನು ಬಂದು "ನಾಳೆ" ಅನ್ನು. ಮುಂದಿನದು ಬರುವ ತನಕ ನಾನು ಟೇಪಿನ ಕೊನೆ ಹಿಡಿದು ನಿಂತಿರುತ್ತೇನೆ.