ನಾವೆಯ ಜಸ್ತ

ದಂಡೋತಿ, ತಾಲೂಕು ಚಿತ್ತಾಪುರ
ಭಾದ್ರಪದ ವದ್ಯ ಪಂಚಮಿ, ಇಸವಿ ೧೯೪೫

ಶ್ರೀಮನ್ಮಹಾಘನವೆತ್ತ, ಮುಂಬಯಿ ಬಂದರದ ಸಮಸ್ತ ಹಡಗುಗಳ ಹೊಟ್ಟೆ ಮುಟ್ಟಿ ರೋಗ ಹೇಳುವ ವೈದ್ಯಶಿರೋಮಣಿ, ತುಕ್ಕಿನ ಕಡುವೈರಿ, ಕಾಗಿಣಾ ನದಿಯ ಎರಡೂ ದಂಡೆಗಳ ಏಕಮಾತ್ರ ಭೂಷಣರಾದ ರಾಜಶ್ರೀ ಶರಣಬಸಪ್ಪನವರ ದಿವ್ಯ ಪಾದಗಳಿಗೆ, ಅವರ ತಮ್ಮನೂ ಆಜ್ಞಾಧಾರಕನೂ ಆದ ಸಾಯಬಣ್ಣನು ಮೂರು ಸಲ ಅಡ್ಡಬಿದ್ದು, ಎದ್ದು, ಧೂಳು ಝಾಡಿಸಿಕೊಂಡು ಮಾಡುವ ವಿಜ್ಞಾಪನೆ.

ಅಣ್ಣಾ, ಆರಾಮ ಇದ್ದೀಯಾ? ಕೆಮ್ಮು ಕಡಿಮೆಯಾಯಿತೆ? ಹಡಗಿನ ಕೆಳಗೆ ಅಂಗಾತ ಮಲಗಿ ಕೆರೆಯುವಾಗ ಬಾಯೊಳಗೆ ತುಕ್ಕಿನ ಪುಡಿ ಬೀಳುತ್ತದೆ ಎಂದು ನೀನು ಬರೆದಂದಿನಿಂದ ಅವ್ವ ಉಣ್ಣಲು ಕೂತಾಗೊಮ್ಮೆ ಅದನ್ನೇ ನೆನೆದು ತುತ್ತು ಕೆಳಗಿಡುತ್ತಾಳೆ. ಬಾಯಿಗೆ ಅರಿವೆ ಕಟ್ಟಿಕೊಂಡು ಕೆಲಸ ಮಾಡು. ಇಲ್ಲಿ ಎಲ್ಲರ ಮೈ ನೆಟ್ಟಗಿದೆ. ನೆಟ್ಟಗಿಲ್ಲದ್ದು ನಾವೆ, ಮತ್ತು ನಾವೆಯ ದೆಸೆಯಿಂದ ಮನೆ.

ಹೋದ ವಾರ ಚಿತ್ತಾಪುರದ ಸಂತೆ ಮುಗಿಸಿ ಬಂದ ಹದಿನಾಲ್ಕು ಮಂದಿಯನ್ನು ಹತ್ತಿಸಿಕೊಂಡು ಅಪ್ಪ ನಡುಹೊಳೆಯಲ್ಲಿದ್ದಾಗ ನಾವೆಯ ಮುಂದಿನ ಹಲಗೆ ಬಾಯಿ ಬಿಟ್ಟಿತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಪ್ಪನ ಜೊತೆ ನಾವೆಯಲ್ಲಿದ್ದ ಕಾಶಪ್ಪ ಕಾಕಾ ಉಟ್ಟ ಧೋತರ ಬಿಚ್ಚಿ, ಸುತ್ತಿ, ತೂತಿನೊಳಗೆ ತುರುಕಿ, ಅದರ ಮೇಲೆ ಕುಂತುಬಿಟ್ಟ. ದಡ ಮುಟ್ಟುವವರೆಗೂ ಏಳಲಿಲ್ಲ. ಮುಟ್ಟಿದ ಮೇಲೂ ಏಳಲಿಲ್ಲ, ಹೆಂಗಸರೆಲ್ಲ ಇಳಿದು ಆ ಕಡೆ ಮುಖ ಮಾಡುವವರೆಗೆ. ಎರಡು ಚೀಲ ಜೋಳ ನೀರುಪಾಲಾಯಿತು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ.

ಅಪ್ಪ ನಾವೆಯನ್ನು ಮಗ್ಗಲಿಗೆ ಉರುಳಿಸಿ ನೋಡಿದ. ಹಲಗೆ ಹಿಡಿದ ಕಬ್ಬಿಣದ ಬೋಲ್ಟುಗಳು ಇಲಿ ಕಡಿದ ಕಡ್ಡಿಯಂತೆ ಸವೆದಿದ್ದವು. ಎಲ್ಲಕ್ಕಿಂತ ಹೆಚ್ಚು ಸವೆದದ್ದು ಭೀಮಬಾಯಿ ಅತ್ತಿಗೆಯ ಪಟ್ಟಿಯ ಬುಡದಲ್ಲಿ. ನಿನಗೆ ಗೊತ್ತಿದ್ದದ್ದನ್ನೇ ಮೊದಲಿನಿಂದ ಹೇಳುತ್ತೇನೆ, ಸಹಿಸಿಕೋ, ಅದಾಲತಿನಲ್ಲಿ ಹಾಗೆಯೇ ಓದುತ್ತಾರಂತೆ. ನಮ್ಮ ಮನೆಗೆ ಸೊಸೆ ಬಂದಾಗಲೆಲ್ಲ ನಾವೆಯ ಮೂತಿಗೆ, ನೀರು ತಾಗುವ ಕಡೆ, ಆಕೆಯ ಹೆಸರಿನಲ್ಲಿ ಒಂದು ತಾಮ್ರದ ಪಟ್ಟಿ ಬಡಿಯುವುದು ಪದ್ಧತಿ. ಅಜ್ಜಿಯದು ಇದೆ, ಅವ್ವನದು ಇದೆ, ಅತ್ತಿಗೆಯದು ಹೊಸದು, ಅಗಲವಾದದ್ದು. ತಾಮ್ರದ ನೆರೆಯಲ್ಲಿ ನೀರೊಳಗಿರುವ ಕಬ್ಬಿಣ ಬೇಗ ಸವೆಯುತ್ತದೆಂದು ಮುಂಬಯಿಯಲ್ಲಿ ಕಲಿತವನು ನೀನು. ಸೊಸೆಯರ ಪಟ್ಟಿ ಕೀಳೆಂದರೆ ಅಪ್ಪ ನಿನ್ನನ್ನೇ ಕಿತ್ತಾನೆಂದು ಬಲ್ಲವನೂ ನೀನು. ಅದಕ್ಕೇ ಹೋದ ವರ್ಷ ಬಂದು, ಪಟ್ಟಿಗಳನ್ನೂ ಬೋಲ್ಟುಗಳನ್ನೂ ಒಳಗಿನಿಂದ ಒಂದೇ ತಂತಿಯಲ್ಲಿ ಕೂಡಿಸಿ, ಆ ತಂತಿಯ ತುದಿಗೆ ನೀರೊಳಗೆ ಅಂಗೈಯಗಲದ, ಸತುವೆನ್ನುವ ಜಸ್ತದ ಬಿಲ್ಲೆ ಕಟ್ಟಿ ಹೋದೆ.

ಈಗ ಅಪ್ಪ ಕಟ್ಟೆಯ ಮೇಲೆ ಕುಂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ: "ಗಂಡ ತಂತಿ ಕಟ್ಟಿದ, ಹೇಣ್ತಿ ಪಟ್ಟಿ ಬಡಿಸಿದಳು. ಇಬ್ಬರೂ ಕೂಡಿ ನನ್ನ ನಾವಿ ತಿಂದ್ರು. ಹೋದವ ಒಂದ್ ಸಲನಾರ ನಾವಿ ಹ್ಯಾಂಗ ಅದ ಅಂತ ಕೇಳ್ಯಾನೇನು?" ನೀನು ದೀಪಾವಳಿಗೆ ಈ ದಂಡೆಗೆ ಕಾಲಿಡುವುದು ಬೇಡವಂತೆ. ಇದೇ ತಿಂಗಳ ಅಮಾವಾಸ್ಯೆ ಕಳೆದ ಮರುದಿನ ಅತ್ತಿಗೆಯನ್ನು ಭಂಕೂರಿಗೆ, ಆಕೆಯ ತವರಿಗೆ, ಕಳಿಸಿಬಿಡುತ್ತಾನಂತೆ. ಪಟ್ಟಿ ಕಿತ್ತು ಆಕೆಯ ಗಂಟಿನಲ್ಲೇ ಕಟ್ಟಿಕೊಡುತ್ತಾನಂತೆ. ಅತ್ತಿಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ನನ್ನನ್ನು ಕೇಳಿದಳು, "ಮೈದನಾ, ತಾಮ್ರಕ್ಕ ನನ್ನ ಹೆಸರು ಗೊತ್ತಿರ್ತದೇನು?" ನಗಿಸುವುದೇ ಕಸುಬಾದ ನಾನು ಒಲೆಗೆ ಕಟ್ಟಿಗೆ ಒಟ್ಟುತ್ತ ಕುಂತೆ.

ಇನ್ನು ಅಪರಾಧಿಯ ಹೇಳಿಕೆ. ತಂತಿಯದು ತಪ್ಪಿಲ್ಲ, ಅತ್ತಿಗೆಯದಂತೂ ಇಲ್ಲವೇ ಇಲ್ಲ. ನೀನು ಹೋದ ಮೂರು ತಿಂಗಳಿಗೆ ನಾನು ಮುಳುಗಿ ಬಿಲ್ಲೆ ತಡವಿದೆ. ಮೈಲಿಬೇನೆ ಎದ್ದವರ ಮುಖದ ಹಾಗೆ ಕುಳಿ ಕುಳಿ, ಮೇಲೆಲ್ಲ ಬಿಳಿಯ ಬೂದಿ. ತನ್ನನ್ನೇ ಕಾಯ್ದುಕೊಳ್ಳಲಾಗದ ಇದು ನಾವೆಯನ್ನೇನು ಕಾದೀತು ಎಂದು ಬಿಚ್ಚಿಕೊಂಡೆ. ತಾನು ಸವೆದು ಕಬ್ಬಿಣ ಉಳಿಸುವುದೇ ಅದರ ಚಾಕರಿ ಎಂದು ನೀನು ಹೇಳಿದ್ದೆ. ನಾನು ಆಗ ನಿನ್ನ ಮುಂಬಯಿ ಟೊಪ್ಪಿಗೆ ನೋಡುತ್ತಿದ್ದೆ. ಜಸ್ತ ಹೋಗಿ ತಂತಿ ಉಳಿಯಿತು, ಸವೆಯುವ ಪಾಳಿ ಬೋಲ್ಟುಗಳಿಗೆ ಬಂತು.

ಬಿಚ್ಚಿದ ಬಿಲ್ಲೆಯನ್ನು ಬೂದಿಯಿಂದ ತಿಕ್ಕಿ, ತೂತು ಕೊರೆದು, ಕೆಂಪು ದಾರ ಪೋಣಿಸಿ, ಘಾಟಿನ ಮೇಲೆ ದರಬಾರು ನಡೆಸಿ, ಸರಕಾರದ ಪರವಾಗಿ ಕಾಶಪ್ಪ ಕಾಕಾನಿಗೆ 'ಕಾಗಿಣಾ ಜಂಗ್ ಬಹಾದ್ದೂರ್' ಎಂಬ ಖಿತಾಬು ದಯಪಾಲಿಸಿದೆ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ನಿಜವೆಂದು ತಿಳಿದ. ಅಂದಿನಿಂದ ಅದು ಅವನ ಎದೆಯ ಮೇಲೇ ಇದೆ. ಹುಟ್ಟಿದಾರಭ್ಯ "ಲೇ" ಎಂದೇ ಕರೆಸಿಕೊಂಡವನನ್ನು ಈಗ ಸಂತೆಯ ಮಂದಿ "ಬಹಾದ್ದೂರ್ ಸಾಹೇಬ್ರು ಬಂದ್ರು, ಜಾಗಾ ಬಿಡ್ರಿ" ಎನ್ನುತ್ತಾರೆ, ಅವತ್ತಿನ ಧೋತರದ ಪ್ರಸಂಗವಾದ ಮೇಲೆ ನಗದೆಯೂ ಎನ್ನುತ್ತಾರೆ. ಅಪ್ಪನ ಮುಂದೆ ನಿಜ ಹೇಳಬೇಕೆಂದರೆ ಕಾಕಾನ ಎದೆಯ ಕಡೆ ಬೆರಳು ತೋರಿಸಬೇಕು. ಮೂರು ಸಲ ಹೋದೆ. ಮೂರು ಸಲವೂ ಕಾಕಾ ಅಪ್ಪನ ಪಕ್ಕದಲ್ಲೇ ಕುಂತು ಬಿಲ್ಲೆ ಒರೆಸುತ್ತಿದ್ದ. ಎತ್ತಿಗೆ ನೀರು ಕುಡಿಸಿದ್ದೇನೆಂದು ಹೇಳಿ ಬಂದೆ. ಆ ಎತ್ತಿಗೆ ಅವತ್ತು ಮೂರು ಸಲ ನೀರಾಯಿತು.

ಆದರೂ ಸೂರ್ಯ ಚಂದ್ರರ ಸಾಕ್ಷಿಯಾಗಿ ಬರೆಯುತ್ತಿದ್ದೇನೆ: ಈ ಕಾಗದ ಟಪಾಲಿಗೆ ಹಾಕಿದ ಕೂಡಲೇ ಅಪ್ಪನ ಎದುರು ನಿಂತು ಎಲ್ಲ ಒಪ್ಪಿಕೊಳ್ಳುತ್ತೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ನನ್ನ ಬೆನ್ನು ಬಾತಿರುತ್ತದೆ, ಅತ್ತಿಗೆ ಮನೆಯಲ್ಲೇ ಇರುತ್ತಾಳೆ. ಅವ್ವ ನಿನಗೆ ಹರಸಿದ್ದಾಳೆ, ಎಣ್ಣೆ ಹಚ್ಚಿ ತಲೆ ತೊಳೆದುಕೋ ಎಂದಿದ್ದಾಳೆ. ಬಹಾದ್ದೂರ್ ಸಾಹೇಬರ ಸಲಾಮು.

ನಿನ್ನ ಪಾದಧೂಳಿ,
ಸಾಯಬಣ್ಣ

ತಾ.ಕ.: ಟಪಾಲಿನವನು ಹೊರಟು ನಿಂತಿದ್ದಾನೆ. ಅಣ್ಣಾ, ಮೇಲೆ ಒಪ್ಪಿಕೊಳ್ಳುತ್ತೇನೆ ಎಂದು ಬರೆದದ್ದನ್ನು ನಂಬಬೇಡ, ನನ್ನಿಂದ ಆಗುವುದಿಲ್ಲ. ಜ್ಯೇಷ್ಠದಲ್ಲಿ ನಿನ್ನ ಕಾಗದ ಬಂದಿತ್ತು: ಹೊಳೆ ಬರುವ ಮೊದಲು ಜಸ್ತ ತೆಗೆದು ನೋಡಿರಿ, ಸವೆದಿದ್ದರೆ ತಿಳಿಸಿರಿ, ಪೂರಾ ಕರಗಿಹೋಗಿದ್ದರೆ ತಂತಿ ಕತ್ತರಿಸಿರಿ, ನಾವೆ ಹೇಗಿದೆ ಬರೆಯಿರಿ ಎಂದು. ಅಪ್ಪನಿಗೆ ಓದಿ ಹೇಳಿದವನು ನಾನು. ಆ ಸಾಲುಗಳ ಜಾಗದಲ್ಲಿ ಮುಂಬಯಿಯಲ್ಲಿ ಈ ಸಲ ಮಾವಿನಹಣ್ಣು ಭಾಳ ಸಿಹಿ ಅಂತೆ ಎಂದು ಓದಿದೆ. ಅಪ್ಪ ಆ ಹಣ್ಣಿನ ಮಾತನ್ನು ಇನ್ನೂ ಆಡಿಕೊಳ್ಳುತ್ತಾನೆ. ಅಮಾವಾಸ್ಯೆಯ ಒಳಗೆ ಮುಟ್ಟುವ ಹಾಗೆ ಇನ್ನೊಂದು ಕಾಗದ ಬರೆ, ತಪ್ಪು ನನ್ನದೆಂದು ನನ್ನ ಹೆಸರು ಹಿಡಿದು ಬರೆ, ಆದರೆ ಮನೆಗೆ ಬೇಡ. ಸಾಲಿಯ ಮಡಿವಾಳಯ್ಯ ಮಾಸ್ತರರ ಹೆಸರಿಗೆ ಹಾಕು, ಅವರೇ ಬಂದು ಅಪ್ಪನಿಗೆ ಓದಿ ಹೇಳಲಿ. ನನ್ನ ಕೈಗೆ ಸಿಕ್ಕರೆ ಮತ್ತೆ ಏನಾದರೂ ಬೇರೆ ಓದಿಬಿಡುತ್ತೇನೆ.